ದನಿಗೆ ಗುಮ್ಮಟ ಕಟ್ಟುವ ಮುನ್ನ

ವಡೋದರೆಯ ಫತೇಗಂಜ್‌ನಂತಹ ಬಡಾವಣೆಗಳಲ್ಲಿ ಹೋಟೆಲಿನ ಗಲ್ಲಾದಲ್ಲಿಯೂ ಕಚೇರಿಯ ಮೇಜಿನ ಮುಂದೆಯೂ ದುಡಿಯುವ ನಮ್ಮ ಬಂಧುಗಳಲ್ಲಿ ಹಾಡುವ ಹವ್ಯಾಸವುಳ್ಳವರಿಗೆ ಇಂದು ಗಣಕವೇ ಧ್ವನಿಮುದ್ರಣಾಲಯವಾಗಿದೆ. ರಾತ್ರಿ ಕೆಲಸ ಮುಗಿದ ಮೇಲೆ ಕೋಣೆಯ ಬಾಗಿಲಿಕ್ಕಿ, ಫ್ಯಾನು ನಿಲ್ಲಿಸಿ, ಒಂದು ಭಜನೆಯನ್ನು ಮುದ್ರಿಸಿ ಊರಿಗೆ ಕಳುಹಿಸಬಹುದು. (ಮೇ ತಿಂಗಳ ವಡೋದರೆಯಲ್ಲಿ ಫ್ಯಾನಿಲ್ಲದೆ ಪಲ್ಲವಿ ಮುಗಿಸುವುದೇ ಒಂದು ಸಾಹಸವೆಂಬುದು ಬೇರೆ ಮಾತು.) ಆದರೆ ಹಾಸಿಗೆ, ಬಟ್ಟೆಬರೆಗಳಿಂದ ತುಂಬಿದ ಕೋಣೆಯಲ್ಲಿ ದನಿ ಒಣಗಿದಂತೆ ಕೇಳುತ್ತದೆ. ಆಗ ನೆರವಿಗೆ ಬರುವುದು ಕನ್ವಲ್ಯೂಷನ್ ರಿವರ್ಬ್ ಎಂಬ ಸಾಧನ.

ನಿಜವಾದ ಒಂದು ಮಂದಿರದಲ್ಲಿ ಬಲೂನು ಒಡೆದೋ, ತಗ್ಗಿನಿಂದ ತಾರಕ್ಕೇರುವ ಸ್ವರವನ್ನು ನುಡಿಸಿಯೋ ಅಲ್ಲಿಯ ಅನುರಣನವನ್ನು ಹಿಡಿದಿಡುತ್ತಾರೆ. ಇದೇ ಇಂಪಲ್ಸ್ ರೆಸ್ಪಾನ್ಸ್. ನಮ್ಮ ದನಿಯಾದರೋ ಗಣಕದಲ್ಲಿ ಸೆಕೆಂಡಿಗೆ 44,100 ಅಂಕಿಗಳಾಗಿ ನಿಂತಿರುತ್ತದೆ. ಒಂದೊಂದು ಅಂಕಿಯೂ ತನ್ನ ಬಲಕ್ಕೆ ತಕ್ಕಂತೆ ಆ ಅನುರಣನವನ್ನು ಪೂರ್ತಿಯಾಗಿ ಎಬ್ಬಿಸುತ್ತದೆ. ಎಲ್ಲವನ್ನೂ ಕೂಡಿಸಿದ ಮೊತ್ತವೇ ನಾವು ಕೇಳುವ ನಾದ. ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತರಿಗೆ ಈ ಕೂಡಿಕೆಯ ಗಾತ್ರ ಊಹಿಸಲು ಕಷ್ಟವಾಗಲಾರದು. 1999ರಲ್ಲಿ ಸೋನಿ ಕಂಪನಿಯು ಇದಕ್ಕಾಗಿಯೇ ಪ್ರತ್ಯೇಕ ಯಂತ್ರವನ್ನು ಹೊರತಂದಿತ್ತು. ಈಗ ಸಾಧಾರಣ ಗಣಕವೇ ಅದನ್ನು ನಿಭಾಯಿಸುತ್ತದೆ. ಯಾರ್ಕ್ ವಿಶ್ವವಿದ್ಯಾಲಯದ ಓಪನ್‌ಏರ್ ಸಂಗ್ರಹದಲ್ಲಿ ಇಂತಹ ಮುದ್ರಿಕೆಗಳು ದೊರೆಯುತ್ತವೆ.

ಅಪಾಯವಿರುವುದು ಆಸೆಯಲ್ಲಿ. ಪ್ರತಿಧ್ವನಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ವಿಜಯಪುರದ ಗೋಳಗುಮ್ಮಟ. ಅದರ ಒಳವ್ಯಾಸ ಸುಮಾರು 38 ಮೀಟರು. ಎದುರು ಗೋಡೆಗೆ ಹೋಗಿ ಮರಳುವ ದನಿಗೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಹಾಡುಗಾರನು ಮುಂದಿನ ಅಕ್ಷರಕ್ಕೆ ಹೋಗಿರುತ್ತಾನೆ. ಚಪ್ಪಾಳೆಗೆ ಅದು ಸೊಗಸು, ಸಾಹಿತ್ಯಕ್ಕೆ ಮಾರಕ. ಒತ್ತಕ್ಷರಗಳೆಲ್ಲ ಕಲಸಿಹೋದ ಕೀರ್ತನೆಯನ್ನು ಭಕ್ತಿಯ ಗಾಂಭೀರ್ಯವೆಂದು ಒಪ್ಪಲು ನಾವು ಸಿದ್ಧರಿಲ್ಲ.

ಆದುದರಿಂದ ಚಿಕ್ಕ ಸಭಾಂಗಣದ ಮುದ್ರಿಕೆಯನ್ನೇ ಆರಿಸುವುದು ಲೇಸು. ಅದರ ಬಾಲವನ್ನು ಒಂದೂವರೆ ಸೆಕೆಂಡಿನೊಳಗೆ ಇಳಿಸತಕ್ಕದ್ದು. ಪ್ರಿ-ಡಿಲೇ ಎಂಬ ಗುಂಡಿಯನ್ನು 20ರಿಂದ 40 ಮಿಲಿಸೆಕೆಂಡಿನಲ್ಲಿರಿಸಿದರೆ ಮೂಲಾಕ್ಷರವು ಮೊದಲು ಕಿವಿಗೆ ಬಿದ್ದು, ಅನುರಣನವು ಅದರ ಹಿಂದೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಗಮನವನ್ನು ಬೇಡುವುದು ಇದೇ ಗುಂಡಿ. ಹೊಸಬರು ಮುಟ್ಟದೆ ಬಿಡುವುದೂ ಇದನ್ನೇ. ಅನುರಣನದಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ಗುಡುವಿಕೆಯನ್ನು ಕತ್ತರಿಸಬೇಕು. ಶಕಾರ ಸಕಾರಗಳು ಸಿಳ್ಳಿಟ್ಟರೆ ಮೇಲಿನ ಭಾಗವನ್ನೂ ತಗ್ಗಿಸಬೇಕು. ಮಿಶ್ರಣದಲ್ಲಿ ವೆಟ್ ಎಂಬ ಪಾಲು ನೂರಕ್ಕೆ ಹತ್ತು ಹದಿನೈದಿದ್ದರೆ ಆರಂಭಕ್ಕೆ ಸಾಕು.

ಇನ್ನೊಂದು ಮಾತು. ಮೂಲ ಮುದ್ರಣದಲ್ಲಿಯೇ ಬರಿಗೋಡೆಯ ಸದ್ದಿದ್ದರೆ ಯಾವ ಗುಂಡಿಯೂ ಅದನ್ನು ತೆಗೆಯಲಾರದು. ಒಂದು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಿದಂತಾಗುತ್ತದೆ. ಹಾಡುವಾಗ ಸುತ್ತಲೂ ಕಂಬಳಿ ತೂಗುಹಾಕುವುದು ಅಗ್ಗದ ಉಪಾಯ.

ಕೊನೆಗೆ, ಊರಿನಲ್ಲಿ ಕೇಳುವವರ ಕೈಯಲ್ಲಿರುವುದು ಮೊಬೈಲಿನ ಪುಟ್ಟ ಸ್ಪೀಕರು. ಕಳುಹಿಸುವ ಮುನ್ನ ಅದರಲ್ಲಿಯೇ ಹಾಡನ್ನು ಹಾಕಿ, ಆ ಪದವನ್ನು ಹಿಂದೆ ಕೇಳದ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಎರಡನೆಯ ಸಾಲು ಏನೆಂದು ವಿಚಾರಿಸತಕ್ಕದ್ದು. ಅವರು ತಡವರಿಸಿದರೆ ವೆಟ್ ಪಾಲನ್ನು ಇನ್ನಷ್ಟು ಇಳಿಸುವುದು.