ಬಾವಿ ಉಂಟೋ, ಇಲ್ಲವೋ?

1963ರ ಜನವರಿ 22ರಂದು ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನವರ್ ಸಹಿ ಹಾಕಿದ ಎಲಿಜೆ ಒಪ್ಪಂದದ ಫಲವಾಗಿ ಅದೇ ವರ್ಷದ ಜುಲೈಯಲ್ಲಿ ಹುಟ್ಟಿದ ಫ್ರೆಂಚ್–ಜರ್ಮನ್ ಯುವಜನ ಕಚೇರಿಯು, ಎರಡೂ ಸರ್ಕಾರಗಳು ಸಮಪಾಲಾಗಿ ಕೊಡುವ ಹಣದಿಂದ, ಲಕ್ಷಾಂತರ ಕಿರಿಯರನ್ನು ಗಡಿಯಾಚೆಗೆ ಕಳುಹಿಸಿದೆ. ಹಾಗೆ ಹೋದವರು ಶಿಬಿರಗಳಲ್ಲಿ ಒಂದೇ ಸೂರಿನಡಿ ಉಂಡು ಮಲಗಿಯೂ ತಮ್ಮ ತಮ್ಮ ಭಾಷೆಯವರೊಡನೆಯೇ ಗುಂಪುಗೂಡುವುದನ್ನು ತಪ್ಪಿಸಲು ರೂಪುಗೊಂಡ ಉಪಾಯವೇ ‘ಭಾಷಾ ಆನಿಮೇಷನ್’. ಆನಿಮೇಷನ್ ಚಿತ್ರಗಳಿಗೂ ಇದಕ್ಕೂ ಸಂಬಂಧವಿಲ್ಲ. ಪಾಠ, ಪರೀಕ್ಷೆ, ಅಂಕಗಳ ಗೊಡವೆಯಿಲ್ಲದೆ, ತರಬೇತಿ ಪಡೆದ ಮುಂದಾಳುಗಳು ಆಟ ಆಡಿಸುತ್ತ ಆಡಿಸುತ್ತ ಪರಭಾಷೆಯ ಅಂಜಿಕೆಯನ್ನು ಬಿಡಿಸುವ ಕ್ರಮವಿದು.

ವೃತ್ತದಲ್ಲಿ ನಿಂತು ಹೆಸರಿನೊಡನೆ ಒಂದು ಅಭಿನಯವನ್ನೂ ಸೇರಿಸಿ ಹೇಳುವುದು, ಪ್ರಾಣಿಗಳ ಕೂಗನ್ನು ಅನುಕರಿಸಿ ಜೊತೆಗಾರನನ್ನು ಹುಡುಕುವುದು ಮುಂತಾದವು ಮೊದಲ ಹೊತ್ತಿನ ಆಟಗಳಾದರೆ, ಮುಂದೆ ಎರಡು ಭಾಷೆಯ ಇಬ್ಬರನ್ನು ಜೋಡಿಯಾಗಿಸಿ ಒಬ್ಬರಿಂದೊಬ್ಬರು ಕಲಿಯುವಂತೆ ಮಾಡುವ ‘ಟ್ಯಾಂಡೆಮ್’ ಪದ್ಧತಿಗೆ ಎಡೆ ಸಿಗುತ್ತದೆ.

ಆದರೆ ಇಂಥ ಶಿಬಿರಗಳಿಗೆ ಹೇಳಿ ಮಾಡಿಸಿದಂತಿರುವ ಆಟವೆಂದರೆ ಎಲ್ಲರೂ ಬಲ್ಲ ಕಲ್ಲು–ಕಾಗದ–ಕತ್ತರಿ. ಫ್ರಾನ್ಸ್, ಜರ್ಮನಿ ಎರಡೂ ಕಡೆ ಇದಕ್ಕೆ ನಾಲ್ಕನೆಯದೊಂದು ಸೇರುವುದುಂಟು: ಬೆರಳುಗಳನ್ನು ಬಳೆಯಂತೆ ಬಾಗಿಸಿ ತೋರಿಸುವ ಬಾವಿ. ಕಲ್ಲೂ ಕತ್ತರಿಯೂ ಬಾವಿಗೆ ಬಿದ್ದು ಸೋಲುತ್ತವೆ, ಕಾಗದ ಮಾತ್ರ ಬಾವಿಯನ್ನು ಮುಚ್ಚಿ ಗೆಲ್ಲುತ್ತದೆ. ಇದರಿಂದ ಆಟದ ಸಮತೋಲವೇ ಕೆಡುತ್ತದೆ. ಕಾಗದಕ್ಕೂ ಬಾವಿಗೂ ತಲಾ ಎರಡರ ಮೇಲೆ ಗೆಲುವು, ಕಲ್ಲಿಗೂ ಕತ್ತರಿಗೂ ಒಂದರ ಮೇಲಷ್ಟೇ. ಕಲ್ಲು ಗೆಲ್ಲುವ ಕತ್ತರಿಯನ್ನು ಬಾವಿಯೂ ಗೆಲ್ಲುವುದರಿಂದ, ಲೆಕ್ಕ ಬಲ್ಲವನು ಕಲ್ಲನ್ನು ತೋರಿಸುವುದೇ ಇಲ್ಲ. ಬಾವಿ ಮೋಸವೆಂದು ತಕರಾರು ತೆಗೆಯುವವರು ಎರಡೂ ದೇಶಗಳಲ್ಲಿದ್ದಾರೆ. ಹೀಗಾಗಿ ಕೈ ಬೀಸುವ ಮೊದಲೇ ಬಾವಿ ಉಂಟೋ ಇಲ್ಲವೋ ಎಂಬುದನ್ನು, ಬಂದಷ್ಟು ಮಾತಿನಲ್ಲಿ, ಬಾರದಿದ್ದರೆ ಸನ್ನೆಯಲ್ಲಿ, ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ನಿಯಮಕ್ಕಾಗಿ ನಡೆಯುವ ಈ ಜಗಳವೇ ಆಟಕ್ಕಿಂತ ಹೆಚ್ಚು ಮಾತನ್ನು ಹೊರಡಿಸುತ್ತದೆ. ಗೆಲ್ಲಲೇಬೇಕೆನ್ನುವವನಿಗೆ ಉಚ್ಚಾರಣೆಯ ನಾಚಿಕೆ ಇರುವುದಿಲ್ಲ.

ಇಷ್ಟಾದರೂ ಆಟದ ಬಗೆಗೆ ಅತಿಯಾದ ಭರವಸೆ ಸಲ್ಲದು. ಬೆಳಗ್ಗೆ ನಕ್ಕು ನಲಿದ ಗುಂಪು ಸಂಜೆಗೆ ಇಂಗ್ಲಿಷಿಗೆ ಜಾರಿದರೆ ಅಚ್ಚರಿಯಿಲ್ಲ, ಏಕೆಂದರೆ ಅದೇ ಹತ್ತಿರದ ದಾರಿ. ಅಲ್ಲದೆ ಕ್ರಿಯಾಪದದ ರೂಪಗಳನ್ನು ಯಾವ ಆಟವೂ ಬಾಯಿಪಾಠ ಮಾಡಿಸಲಾರದು. ಆದರೂ 1991ರಲ್ಲಿ ಸ್ಥಾಪನೆಗೊಂಡು ಪೋಟ್ಸ್‌ಡಾಮ್ ಮತ್ತು ವಾರ್ಸಾಗಳಿಂದ ನಡೆಯುವ ಜರ್ಮನ್–ಪೋಲಿಷ್ ಯುವಜನ ಕಚೇರಿ, 1997ರಿಂದ ರೇಗೆನ್ಸ್‌ಬರ್ಗ್ ಮತ್ತು ಪಿಲ್ಸೆನ್‌ಗಳಲ್ಲಿರುವ ಚೆಕ್–ಜರ್ಮನ್ ಯುವಜನ ವಿನಿಮಯ ಕೇಂದ್ರಗಳು ಭಾಷಾ ಆನಿಮೇಷನ್ ಕ್ರಮವನ್ನು ತಮ್ಮದಾಗಿಸಿಕೊಂಡಿವೆ. ಫ್ರೆಂಚನ್ನು ಶಾಲೆಯಲ್ಲಿ ಓದುವ ಜರ್ಮನ್ ಮಕ್ಕಳು ಬೇಕಾದಷ್ಟಿದ್ದಾರೆ, ಚೆಕ್ ಓದುವವರು ವಿರಳ. ಆದುದರಿಂದ ಭಾಷಾ ಆಟಗಳ ನಿಜವಾದ ಬೆಲೆಯನ್ನು ಅಳೆಯಬೇಕಾದುದು ಫ್ರಾನ್ಸಿನ ಗಡಿಯಲ್ಲಲ್ಲ, ಈ ಪೂರ್ವದ ಗಡಿಗಳಲ್ಲಿ.