ಕುದುರೆಯ ಕೆಲಸಕ್ಕೆ ಪ್ಲಾಸ್ಟಿಕ್ ಬಂದೀತೆ?

ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ಎಲ್ಲಿಂದ ಬರುತ್ತೆ ಗೊತ್ತೇನ್ರಿ? ಕುದುರೆಯ ರಕ್ತದಿಂದ! ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚುತ್ತಾರೆ. ವಿಷವನ್ನು ಗುರುತಿಸಿ ಹಿಡಿಯುವ ಪ್ರತಿಕಾಯ ಅದರ ಮೈಯಲ್ಲಿ ಹುಟ್ಟುತ್ತೆ. ಅದನ್ನೇ ಶುದ್ಧಿ ಮಾಡಿ ಸೀಸೆಗೆ ತುಂಬುತ್ತಾರೆ. ಪ್ರಾಣ ಉಳಿಸುವ ಮದ್ದು, ಸುಳ್ಳಲ್ಲ. ಆದರೆ ಕುದುರೆಯ ಪ್ರೋಟೀನ್ ಕೆಲವರ ಮೈಗೆ ಒಗ್ಗದು.

ಹಾಗಾದರೆ ಪ್ಲಾಸ್ಟಿಕ್ಕಿನಲ್ಲೇ ಪ್ರತಿಕಾಯ ಮಾಡಿದರೆ? ತಮಾಷೆಯಲ್ಲ ಸ್ವಾಮಿ, ವಿಜ್ಞಾನಿಗಳು ಇದಕ್ಕೇ ಕೈ ಹಾಕಿದ್ದಾರೆ.

ಸಂಕ್ರಾಂತಿಯ ಸಕ್ಕರೆ ಅಚ್ಚು ನೋಡಿದ್ದೀರಲ್ಲ? ಗಿಣಿಯ ಗುಳಿಯಲ್ಲಿ ಗಿಣಿಯೇ ಕೂರಬೇಕು, ಆನೆ ಕೂರದು. ಇಲ್ಲೂ ಅದೇ ಲೆಕ್ಕ. ಬೇಕಾದ ಅಣುವಿನ ಸುತ್ತ ಸಣ್ಣ ರಾಸಾಯನಿಕ ತುಣುಕುಗಳನ್ನು ಬೆಸೆದು ಪಾಲಿಮರ್ ಮಾಡುತ್ತಾರೆ. ಆಮೇಲೆ ಅಣುವನ್ನು ತೊಳೆದು ತೆಗೆಯುತ್ತಾರೆ. ಉಳಿದ ಗುಳಿಗೆ ಅದೇ ಅಣು ಬಂದು ಅಂಟಿಕೊಳ್ಳುತ್ತೆ.

1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಈ ದಾರಿ ತೋರಿದರು. 1993ರಲ್ಲಿ ಸ್ವೀಡನ್ನಿನ ಕ್ಲಾಸ್ ಮೋಸ್‌ಬಾಕ್ ತಂಡ ಇಂಥ ಅಚ್ಚಿನಿಂದ ರಕ್ತದಲ್ಲಿರುವ ಉಬ್ಬಸದ ಔಷಧಿಯನ್ನೇ ಅಳೆಯಿತು. ಅದು ಪುಟ್ಟ ಅಣು. ಪ್ರೋಟೀನ್ ಹಾಗಲ್ಲ. ಗಾತ್ರ ದೊಡ್ಡದು, ಅಚ್ಚಿನಿಂದ ಸುಲಭಕ್ಕೆ ಹೊರಬಾರದು. ರಾಸಾಯನಿಕ ತಾಗಿದರೆ ಆಕಾರವೇ ಕೆಡುತ್ತೆ. ಅದಕ್ಕೇ ಇಡೀ ಪ್ರೋಟೀನಿನ ಬದಲು ಅದರ ಒಂದು ತುಣುಕಿನ ಅಚ್ಚು ತೆಗೆಯುವುದೂ ಉಂಟು.

ದೊಡ್ಡ ಸುದ್ದಿ ಬಂದದ್ದು 2010ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಕೆನೆತ್ ಶೀ, ಜಪಾನಿನ ಯು ಹೊಶಿನೊ ಮತ್ತು ಸಂಗಡಿಗರು ಜೇನುಹುಳದ ವಿಷದಲ್ಲಿರುವ ಮೆಲಿಟಿನ್‌ಗೆ ಅಚ್ಚು ಮಾಡಿದರು. ಇದು 26 ಅಮೈನೋ ಆಮ್ಲಗಳ ಸಣ್ಣ ಸರಪಳಿ. ಇಲಿಗಳಿಗೆ ಮೊದಲು ಈ ವಿಷ, ಕೂಡಲೇ ಪ್ಲಾಸ್ಟಿಕ್ ಕಣ. ಕಣಗಳು ರಕ್ತದಲ್ಲೇ ವಿಷವನ್ನು ಹಿಡಿದವು, ಇಲಿಗಳ ಸಾವು ಕಡಿಮೆಯಾಯಿತು.

ಹಾಗಂತ ಕುಣಿಯಬೇಡಿ. ಅದು ಇಲಿ, ನಾವು ಮನುಷ್ಯರು. ಅದು ಜೇನಿನ ಒಂದೇ ವಿಷವಸ್ತು. ಹಾವಿನ ವಿಷವೋ ಹಲವು ಪ್ರೋಟೀನುಗಳ ಕಲಬೆರಕೆ. ಒಂದು ಅಚ್ಚು ಸಾಲದು.

ಅಲ್ಲಿಯತನಕ ಕುದುರೆಯೇ ಗತಿ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ. ವರದಿ ಬರೆದರೆ ಸಾಕೆ? ನಮ್ಮ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಸೀಸೆ ಇದೆಯೇ ಎಂದು ಪಂಚಾಯ್ತಿಯವರು ಮಳೆಗಾಲಕ್ಕೆ ಮೊದಲೇ ಹೋಗಿ ನೋಡಲಿ. ನೀವೂ ಅಷ್ಟೇ: ಕಚ್ಚಿದ ಜಾಗ ಕೊಯ್ಯಬೇಡಿ, ಮಂತ್ರ ಹಾಕಿಸುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ನಡೀರಿ!