ಊರಿಗೆ ಊರೇ ಚಿತ್ರಶಾಲೆ!

ರಾಜಸ್ಥಾನ ಎಂದೊಡನೆ ನಮಗೆ ನೆನಪಾಗುವುದು ಜಯಪುರದ ಹವಾಮಹಲ್, ಉದಯಪುರದ ಸರೋವರ, ಜೈಸಲ್ಮೇರಿನ ಮರಳು ಮತ್ತು ಒಂಟೆ. ಪ್ರವಾಸ ಹೋದವರು ಇವಿಷ್ಟನ್ನು ನೋಡಿ, ಎರಡು ಬಾಂಧನಿ ಸೀರೆ ಕೊಂಡು ಹಿಂದಿರುಗುವುದೇ ವಾಡಿಕೆ. ಆದರೆ ಸೋದರಿಯರೇ, ಇನ್ನೆರಡು ದಿನ ಕೈಯಲ್ಲಿದ್ದರೆ ಮಂಡಾವಾ ಎಂಬ ಪುಟ್ಟ ಊರನ್ನು ತಪ್ಪದೇ ನೋಡಿ. ಜಯಪುರದಿಂದ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರು, ಝುಂಝುನೂ ಜಿಲ್ಲೆ. ನಮ್ಮ ಯಜಮಾನರ ಎಲ್.ಟಿ.ಸಿ. ಪ್ರವಾಸದಲ್ಲಿ ನಾವು ನೋಡಿದ ಊರುಗಳಲ್ಲೆಲ್ಲಾ ನನ್ನ ಮನಸ್ಸಿನಲ್ಲಿ ನಿಂತದ್ದು ಇದೇ.

ಇಲ್ಲಿ ಚಿತ್ರ ನೋಡಲು ಚಿತ್ರಶಾಲೆಗೆ ಹೋಗಬೇಕಿಲ್ಲ. ಬೀದಿಯಲ್ಲಿ ನಡೆದರೆ ಸಾಕು. ಎಡಕ್ಕೂ ಬಲಕ್ಕೂ 'ಹವೇಲಿ' ಎನ್ನುವ ಭಾರೀ ಮನೆಗಳು. ಅವುಗಳ ಗೋಡೆ, ಕಮಾನು, ಸೂರಿನ ಅಡಿ, ಬಾಗಿಲ ಮೇಲ್ಗಡೆ, ಎಲ್ಲೆಲ್ಲೂ ಚಿತ್ರ! ಕೃಷ್ಣನ ರಾಸಲೀಲೆ, ರಾಮಾಯಣ, ಬಾಗಿಲ ಅಕ್ಕಪಕ್ಕ ಆನೆ, ಒಂಟೆಯ ಮೇಲೆ ಓಡಿಹೋಗುತ್ತಿರುವ ಢೋಲಾ ಮಾರು ಎಂಬ ಪ್ರೇಮಿಗಳು. ಅವುಗಳ ಪಕ್ಕದಲ್ಲೇ ರೈಲುಗಾಡಿ, ಮೋಟಾರು ಕಾರು, ಟೋಪಿ ಹಾಕಿದ ಬಿಳಿಯ ದೊರೆಗಳು. ಒಂದು ಹವೇಲಿಯಲ್ಲಂತೂ ವಿಮಾನ ಮತ್ತು ಟೆಲಿಫೋನ್ ಹಿಡಿದ ಹುಡುಗನಿದ್ದಾನೆ. ದೇವರೂ ರೈಲೂ ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ಇರುವುದನ್ನು ನೋಡಿ ನನಗೆ ನಗು ಬಂತು. ಕೆಲವು ಚಿತ್ರಕಾರರು ರೈಲನ್ನೇ ಕಂಡವರಲ್ಲ. ಅಚ್ಚಾದ ಚಿತ್ರ ನೋಡಿಯೋ, ಕಂಡವರ ಬಾಯಲ್ಲಿ ಕೇಳಿಯೋ ಬರೆದದ್ದು. ಅದಕ್ಕೇ ಡಬ್ಬಿಗಳು ಸಾಲಾಗಿ ಇಟ್ಟ ಪುಟ್ಟ ಮನೆಗಳ ಹಾಗೆ ಕಾಣುತ್ತವೆ!

ಹಣ ಎಲ್ಲಿಂದ ಬಂತು?

ಈ ಸೀಮೆಗೆ ಶೇಖಾವತಿ ಎಂದು ಹೆಸರು. ನೀರು ಕಡಿಮೆ, ಬೆಳೆ ಕಡಿಮೆ. ಆದರೆ ಹಿಂದೆ ಒಂಟೆಗಳ ಮೇಲೆ ಸರಕು ಸಾಗಿಸುತ್ತಿದ್ದ ವ್ಯಾಪಾರದ ದಾರಿಗಳು ಇಲ್ಲಿ ಹಾಯುತ್ತಿದ್ದವು. ಅದರಿಂದ ಮಾರವಾಡಿ ವರ್ತಕರು ಬೆಳೆದರು. 19ನೆಯ ಶತಮಾನದಲ್ಲಿ ವ್ಯಾಪಾರವೆಲ್ಲ ಕಲ್ಕತ್ತೆ, ಮುಂಬಯಿ ಬಂದರುಗಳ ಕಡೆ ತಿರುಗಿತು. ಗಂಡಸರು ಅಲ್ಲಿಗೆ ಹೊರಟರು. ಬಿರ್ಲಾ, ಗೋಯೆಂಕಾ, ಪೋದ್ದಾರ್ ಎಂದು ನಾವು ಕೇಳುವ ಹೆಸರುಗಳೆಲ್ಲ ಈ ಸೀಮೆಯವೇ. ದೂರದಲ್ಲಿ ದುಡಿದ ಹಣ ಊರಿಗೆ ಬಂದು ಹವೇಲಿಯಾಯಿತು. ನಮ್ಮ ಮನೆ ಪಕ್ಕದವರ ಮನೆಗಿಂತ ಒಂದು ಕೈ ಮೇಲಾಗಬೇಕೆಂಬ ಪೈಪೋಟಿ ಎಲ್ಲ ಊರಿನಲ್ಲೂ ಇದ್ದದ್ದೇ ಅಲ್ಲವೇ? ಇಲ್ಲಿ ಆ ಪೈಪೋಟಿ ಚಿತ್ರವಾಗಿ ಉಳಿದಿದೆ.

ಬಣ್ಣದ ಗುಟ್ಟು

ಮನೆ ಕಟ್ಟಿದ ಗಾರೆಯವರೇ ಚಿತ್ರವನ್ನೂ ಬರೆದರು. ಅವರನ್ನು 'ಚೇಜಾರಾ' ಎನ್ನುತ್ತಾರೆ. ಗೋಡೆಗೆ ಸುಣ್ಣದ ಗಾರೆಯನ್ನು ಪದರ ಪದರವಾಗಿ ಬಳಿದು, ಕೊನೆಗೆ ಸೋಸಿದ ಸುಣ್ಣಕ್ಕೆ ಅಮೃತಶಿಲೆಯ ನಯವಾದ ಪುಡಿ ಬೆರೆಸಿ ಬಳಿಯುತ್ತಿದ್ದರು. ಅದು ಹಸಿಯಾಗಿರುವಾಗಲೇ ಬಣ್ಣ ಹಾಕಬೇಕು. ಸುಣ್ಣ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆಮೇಲೆ ನುಣುಪು ಕಲ್ಲಿನಿಂದ ತಿಕ್ಕಿ, ಹೊಳಪಿಗಾಗಿ ಒಣಕೊಬ್ಬರಿ ಉಜ್ಜುತ್ತಿದ್ದರು. ಹೌದು, ನಾವು ಚಟ್ನಿಪುಡಿಗೆ ಹಾಕುವ ಕೊಬ್ಬರಿಯೇ!

ಬಣ್ಣಗಳೂ ನಮಗೆ ಪರಿಚಯದವೇ. ಕಪ್ಪಿಗೆ ದೀಪದ ಕಾಡಿಗೆ, ಬಿಳುಪಿಗೆ ಸುಣ್ಣ, ಕೆಂಪಿಗೆ ಕೆಮ್ಮಣ್ಣು, ನೀಲಿಗೆ ನೀಲಿಗಿಡದ ಬಣ್ಣ. ನಮ್ಮ ಮಲೆನಾಡಿನಲ್ಲಿ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದನ್ನು ಕಂಡವರಿಗೆ ಇದು ದೂರದ ವಿಷಯವೆನ್ನಿಸದು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಪರದೇಶದ ರಾಸಾಯನಿಕ ಬಣ್ಣಗಳು ಬಂದವು. ಕಣ್ಣು ಕುಕ್ಕುವ ನೀಲಿ ಕಂಡರೆ ಅದು ಆ ಮೇಲಿನ ಕಾಲದ್ದಿರಬಹುದು ಎಂದುಕೊಳ್ಳಿ.

ಒಳ ಅಂಗಳದ ಹೆಂಗಸರು

ಹವೇಲಿಗೆ ಸಾಮಾನ್ಯವಾಗಿ ಎರಡು ಅಂಗಳ. ಹೊರಗಿನದು ಗಂಡಸರದು. ಅಲ್ಲೇ ಬಿಳಿ ಹಾಸಿಗೆ, ಲೋಡು ಹಾಕಿದ ವ್ಯಾಪಾರದ ಕೋಣೆ. ಒಳಗಿನದು ಹೆಂಗಸರದು. ಅಡಿಗೆಮನೆ, ನೀರಿನ ಕೊಡಗಳ ಕೋಣೆ ಎಲ್ಲ ಅಲ್ಲೇ. ಬಂದವರು ಯಾರೆಂದು ನೋಡಲು ನಡುವಿನ ಗೋಡೆಯಲ್ಲಿ ಸಣ್ಣ ಕಿಂಡಿ.

ಆ ಕಿಂಡಿಯ ಮುಂದೆ ನಾನು ಸುಮಾರು ಹೊತ್ತು ನಿಂತೆ. ಗಂಡ ಕಲ್ಕತ್ತೆಯಲ್ಲಿ, ವರ್ಷಗಟ್ಟಲೆ ದೂರ. ಹೆಂಡತಿ ಅತ್ತೆ, ನಾದಿನಿ, ಮಕ್ಕಳ ಜೊತೆ ಇಲ್ಲಿ. ಗಂಡ ಹತ್ತಿ ಹೋದ ರೈಲು ಹೇಗಿರುತ್ತದೆಂದು ಅವಳು ತಿಳಿದದ್ದು ಈ ಗೋಡೆಯ ಮೇಲಿನ ಚಿತ್ರದಿಂದಲೇ ಇರಬಹುದು. ಗೋಡೆಯ ತುಂಬ ಲೋಕವೆಲ್ಲ ಇದೆ, ಅವಳಿಗೆ ಮಾತ್ರ ಹೊಸ್ತಿಲು ದಾಟುವ ಹಾಗಿಲ್ಲ!

ಈಗ ಆ ಮನೆಗಳವರು ಊರಲ್ಲಿಲ್ಲ. ಸಂಸಾರಗಳು ಹಿಂದೆಯೇ ದೊಡ್ಡ ಪಟ್ಟಣಗಳನ್ನು ಸೇರಿದವು. ಒಂದೊಂದು ಹವೇಲಿಗೂ ಹತ್ತಾರು ವಾರಸುದಾರರು, ರಿಪೇರಿ ಮಾಡಿಸುವವರು ಯಾರು? ಎಷ್ಟೋ ಬಾಗಿಲಿಗೆ ಬೀಗ. ಎಷ್ಟೋ ಕಡೆ ಕಾವಲುಗಾರನ ಸಂಸಾರ ಮಾತ್ರ. ಅಂಥ ಒಂದು ಮನೆಯಲ್ಲಿ ಕಾವಲುಗಾರನ ಹೆಂಡತಿ ಅಡಿಗೆಯನ್ನು ಬಿಸಿಲಲ್ಲೇ ಬಯಲಿನ ಒಲೆಯ ಮೇಲೆ ಮಾಡುತ್ತಿದ್ದಳು. ಒಳಗೇಕೆ ಮಾಡುವುದಿಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಗೋಡೆಯ ಕೃಷ್ಣನನ್ನು ತೋರಿಸಿ, "ಹೊಗೆ ಹಿಡೀತದೆ ಅಕ್ಕಾ" ಅಂದಳು. ಮನೆ ಅವಳದಲ್ಲ, ಚಿತ್ರವೂ ಅವಳದಲ್ಲ. ನನಗೆ ಮಾತೇ ಹೊರಡಲಿಲ್ಲ.

ಉಳಿದೀತೇ?

ಗೋಡೆಗೆ ತೇವ ಏರುತ್ತಿದೆ. ಅಂಗಡಿ ಬೋರ್ಡು, ವಿದ್ಯುತ್ ತಂತಿ ಚಿತ್ರದ ಮೇಲೇ ಬಂದಿವೆ. ಕೆತ್ತನೆಯ ಬಾಗಿಲುಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾಗಿವೆ. ಆದರೂ ಆಸೆಯಿದೆ. ಕೆಲವು ಹವೇಲಿಗಳು ಹೋಟೆಲಾಗಿ ಜೀವ ಹಿಡಿದಿವೆ. ನವಲಗಢದಲ್ಲಿ 1902ರಲ್ಲಿ ಕಟ್ಟಿದ ಪೋದ್ದಾರ್ ಹವೇಲಿ ಈಗ ವಸ್ತುಸಂಗ್ರಹಾಲಯ. ಮಂಡಾವಾದಿಂದ 20 ಕಿಲೋಮೀಟರು ಆಚೆ ಫತೇಪುರದಲ್ಲಿ 1802ರ ಒಂದು ಹವೇಲಿಯನ್ನು ನದೀನ್ ಲ ಪ್ರಿನ್ಸ್ ಎಂಬ ಫ್ರೆಂಚ್ ಚಿತ್ರಕಾರ್ತಿ 1990ರ ದಶಕದ ಕೊನೆಯಲ್ಲಿ ಕೊಂಡು ಸರಿಪಡಿಸಿದರು. ನಮ್ಮ ದೇಶದ ಗೋಡೆ ಉಳಿಸಲು ಅಷ್ಟು ದೂರದ ಹೆಂಗಸೊಬ್ಬಳು ಬಂದಳೆಂದರೆ!

ಹೊರಡುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರಾತ್ರಿ ಚಳಿ ಹೆಚ್ಚು, ಶಾಲು ಸ್ವೆಟರು ಇರಲಿ. ಚಿತ್ರ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಜನ ವಾಸವಿರುವ ಮನೆಯಾದರೆ ಕೇಳಿಕೊಂಡೇ ಒಳಗೆ ಹೋಗಿ, ಕಾವಲಿನವರ ಕೈಗೆ ಏನಾದರೂ ಇಡಿ.

ಊಟಕ್ಕೆ ಸಜ್ಜೆ ರೊಟ್ಟಿ, ಗಟ್ಟೆ ಸಿಗುತ್ತದೆ. ತರಕಾರಿ ಸಿಗದ ನಾಡಿನ ಜಾಣ ಅಡಿಗೆ ಅದು. ಕಡಲೆಹಿಟ್ಟಿಗೆ ಉಪ್ಪು, ಖಾರದ ಪುಡಿ, ಅರಿಶಿನ, ಓಮ, ಎಣ್ಣೆ, ಒಂದು ಚಮಚ ಮೊಸರು ಹಾಕಿ ಗಟ್ಟಿಯಾಗಿ ಕಲಸಿ. ಬೆರಳು ಗಾತ್ರಕ್ಕೆ ಹೊಸೆದು ಕುದಿಯುವ ನೀರಿನಲ್ಲಿ ತೇಲುವವರೆಗೆ ಬೇಯಿಸಿ, ಆರಿದ ಮೇಲೆ ತುಂಡು ಮಾಡಿ. ಜೀರಿಗೆ, ಇಂಗಿನ ಒಗ್ಗರಣೆಗೆ ಖಾರದ ಪುಡಿ, ಧನಿಯಾ ಪುಡಿ, ಕಡೆದ ಮೊಸರು ಹಾಕಿ, ಒಡೆಯದಂತೆ ಕೈಯಾಡಿಸುತ್ತಾ ಕುದಿಸಿ, ತುಂಡುಗಳನ್ನು ಬಿಡಿ. ಗಟ್ಟೆ ಬೇಯಿಸಿದ ನೀರನ್ನು ಚೆಲ್ಲದೆ ಅದಕ್ಕೇ ಹಾಕಿದರೆ ರುಚಿ.

ಮಂಡಾವಾಕ್ಕೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ನಮ್ಮ ಊರುಗಳಲ್ಲೂ ಹಳೆಯ ತೊಟ್ಟಿ ಮನೆ, ಕೆತ್ತಿದ ಕಂಬ, ಅಜ್ಜಿ ಬರೆಸಿದ ಗೋಡೆಯ ಚಿತ್ರ ಅಲ್ಲಲ್ಲಿ ಉಳಿದಿವೆ. ಈ ಸಲ ಹಬ್ಬಕ್ಕೆ ಸುಣ್ಣ ಹೊಡೆಸುವ ಮೊದಲು, ಗೋಡೆಯ ಮೇಲೆ ಏನಿದೆ ಎಂದು ಒಮ್ಮೆ ಕಣ್ಣಾಡಿಸಿ. ಮನೆಯ ಹಿರಿಯರು ಇದ್ದರೆ ಅದನ್ನು ಬರೆದವರು ಯಾರೆಂದು ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ.